ವಿದ್ಯಾರ್ಥಿವೇತನ: ಅರ್ಜಿ ಹಾಕಿದರೆ ಕೆಲಸ ಮುಗಿಯಲಿಲ್ಲ
(ಸ್ವಸಹಾಯ ಸಂಘಗಳ ಮಾಸಿಕ ಸಭೆಗೆ ಅಧ್ಯಯನ ಪಾಠ)



ಪಿಯುಸಿ ಫಲಿತಾಂಶ ಬಂದ ವಾರ ನಮ್ಮ ಕಚೇರಿಯ ಬೆಂಚು ಖಾಲಿ ಇರುವುದಿಲ್ಲ. ತಾಯಂದಿರು ಮಗಳನ್ನು ಕರೆದುಕೊಂಡು ಬಂದು ಕೂತಿರುತ್ತಾರೆ. "ಸಿಸ್ಟರ್, ಇವಳಿಗೆ ನರ್ಸಿಂಗೇ ಮಾಡ್ಬೇಕಂತೆ. ಫೀಸಿಗೆ ಏನಾದ್ರೂ ದಾರಿ ಇದ್ಯಾ?" ದಾರಿ ಇದೆ. ಆದರೆ ಆ ದಾರಿಯಲ್ಲಿ ಎಲ್ಲಿ ಎಡವುತ್ತೇವೆ ಎಂಬುದನ್ನೂ ತಿಳಿದಿರಬೇಕು. ಈ ತಿಂಗಳ ಪಾಠ ಅದರ ಬಗ್ಗೆ.

ನಡೆದ ಘಟನೆ

ಕಾಫಿ ತೋಟದ ಲೈನ್ ಮನೆಯ ಹುಡುಗಿಯೊಬ್ಬಳು ಕೆಲವು ವರ್ಷಗಳ ಹಿಂದೆ ಬಿ.ಎಸ್ಸಿ. ನರ್ಸಿಂಗ್ ಸೇರಿದಳು. ನಾವೇ ಕೂತು ಅರ್ಜಿ ತುಂಬಿಸಿದೆವು. "ಇನ್ನು ಚಿಂತೆ ಮಾಡ್ಬೇಡಿ, ಹಣ ಬರುತ್ತೆ" ಎಂದು ತಾಯಿಗೆ ಧೈರ್ಯ ಹೇಳಿ ಕಳುಹಿಸಿದೆವು. ವರ್ಷ ಕಳೆದರೂ ಹಣ ಬರಲಿಲ್ಲ. ಬಾಕಿ ಕಟ್ಟದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಕಾಲೇಜಿನವರು ಹೇಳಿದರು. ತಾಯಿ ಎರಡು ಫೈನಾನ್ಸಿನಿಂದ ವಾರದ ಕಂತಿನ ಸಾಲ ಎತ್ತಿದರು. ಮಳೆಗಾಲದಲ್ಲಿ ತೋಟದ ಕೆಲಸ ಕಡಿಮೆಯಾಯಿತು, ಕಂತು ಮಾತ್ರ ನಿಲ್ಲಲಿಲ್ಲ. ಎರಡನೇ ವರ್ಷದ ನಡುವೆ ಹುಡುಗಿ ಪೆಟ್ಟಿಗೆ ಹಿಡಿದು ಮನೆಗೆ ಬಂದಳು.

ಆಮೇಲೆ ವಿಚಾರಿಸಿದಾಗ ಗೊತ್ತಾಯಿತು: ಅಂಕಪಟ್ಟಿಯಲ್ಲಿ ಅವಳ ಜ್ಞಾನಸ್ನಾನದ ಹೆಸರು, ಆಧಾರ್‌ನಲ್ಲಿ ಮನೆಯಲ್ಲಿ ಕರೆಯುವ ಹೆಸರು. ಎರಡೂ ತಾಳೆಯಾಗದೆ ಅರ್ಜಿ ಪರಿಶೀಲನೆಯ ಹಂತದಲ್ಲೇ ನಿಂತಿತ್ತು. ಸರಿಪಡಿಸುವ ಕೊನೆಯ ದಿನ ದಾಟಿ ಹೋಗಿತ್ತು. ಅರ್ಜಿ ಎಲ್ಲಿಗೆ ಬಂತು ಎಂದು ನಾವು ಒಂದು ಸಲವೂ ನೋಡಿರಲಿಲ್ಲ. ಇದು ನಮ್ಮ ತಪ್ಪು. ಅವಳು ಈಗ ಪೇಟೆಯ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಸಿಕ್ಕಿದಾಗ ನಗುತ್ತಾಳೆ, ನಮಗೇ ಮಾತು ಹೊರಡುವುದಿಲ್ಲ.

ಮೊದಲು ಸೀಟು ಸರಿಯಾಗಿರಲಿ

"ಫೀಸಿಲ್ಲ, ಸ್ಕಾಲರ್‌ಶಿಪ್‌ನಲ್ಲೇ ಓದಿಸ್ತೀವಿ" ಎಂದು ಊರೂರು ತಿರುಗುವ ಏಜೆಂಟರನ್ನು ನಂಬಬೇಡಿ. ಮ್ಯಾನೇಜ್‌ಮೆಂಟ್ ಕೋಟಾದ ಸೀಟಿಗೆ ಹಲವು ಯೋಜನೆಗಳಲ್ಲಿ ಹಣ ಸಿಗುವುದಿಲ್ಲ. ಆದ್ದರಿಂದ ಸೇರುವ ಮೊದಲೇ ಮೂರು ವಿಷಯ ಕೇಳಿ. ಪದವಿ ಕೋರ್ಸಾದರೆ, ಕಾಲೇಜು 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕಾಗಲಿ ಮಾನ್ಯತೆ ಇರುವ ಬೇರೆ ವಿಶ್ವವಿದ್ಯಾಲಯಕ್ಕಾಗಲಿ ಸೇರಿದೆಯೇ? ನರ್ಸಿಂಗ್ ಆದರೆ ನರ್ಸಿಂಗ್ ಕೌನ್ಸಿಲ್‌ನ ಮಾನ್ಯತೆ ಇದೆಯೇ? ಸೀಟು ಯಾವ ಕೋಟಾದಲ್ಲಿ? ಮೂಲ ಅಂಕಪಟ್ಟಿಯನ್ನು ಕಾಲೇಜಿನಲ್ಲಿ ಒತ್ತೆ ಇಟ್ಟಂತೆ ಬಿಟ್ಟು ಬರಬೇಡಿ. ಮೂಲ ಪ್ರಮಾಣಪತ್ರಗಳನ್ನು ಕಾಲೇಜು ಇಟ್ಟುಕೊಳ್ಳಬಾರದು ಎಂದು ಯುಜಿಸಿ 2018ರಲ್ಲೇ ಹೇಳಿದೆ.

ಯಾರಿಗೆ ಯಾವ ಬಾಗಿಲು?

1. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಮಕ್ಕಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವಿದೆ. ಕೇಂದ್ರದ ಯೋಜನೆಯಲ್ಲಿ ಪೋಷಕರ ವಾರ್ಷಿಕ ಆದಾಯ 2.5 ಲಕ್ಷ ರೂ. ಮೀರಬಾರದು.

2. ನಮ್ಮ ಕ್ರೈಸ್ತ ಕುಟುಂಬಗಳು ಇದನ್ನು ಗಮನಿಸಬೇಕು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ದಲಿತ ಕ್ರೈಸ್ತರಿಗೆ ಪರಿಶಿಷ್ಟ ಜಾತಿಯ ಸ್ಥಾನಮಾನ ಇಲ್ಲ. ಕರ್ನಾಟಕದಲ್ಲಿ ಅವರು ಪ್ರವರ್ಗ-1ಕ್ಕೆ, ಉಳಿದ ಕ್ರೈಸ್ತರು ಪ್ರವರ್ಗ-3ಬಿಗೆ ಸೇರುತ್ತಾರೆ. ಪರಿಶಿಷ್ಟ ಪಂಗಡದವರು ಕ್ರೈಸ್ತರಾದರೂ ಪಂಗಡದವರಾಗಿಯೇ ಉಳಿಯುತ್ತಾರೆ. ಜಾತಿ ಪ್ರಮಾಣಪತ್ರ ಯಾವುದು ಎಂಬುದರ ಮೇಲೆ ಇಲಾಖೆ, ಆದಾಯ ಮಿತಿ, ಹಣ ಎಲ್ಲವೂ ನಿಂತಿದೆ.

3. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗಾಗಿ 2013-14ರಲ್ಲಿ ಬಂದದ್ದು 'ವಿದ್ಯಾಸಿರಿ'. ಆಗ ತಿಂಗಳಿಗೆ 1,500 ರೂ.ನಂತೆ 10 ತಿಂಗಳು ಕೊಡುತ್ತಿದ್ದರು.

4. ಅಪ್ಪ ಅಮ್ಮನ ಕೆಲಸದಿಂದಲೂ ಮಕ್ಕಳಿಗೆ ನೆರವು ಸಿಗಬಹುದು. ಗಾರೆ ಕೆಲಸದವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ, ಬೀಡಿ ಕಟ್ಟುವವರು ಕೇಂದ್ರ ಕಾರ್ಮಿಕ ಇಲಾಖೆಯಲ್ಲಿ ವಿಚಾರಿಸಬೇಕು. ರೈತರ ಮಕ್ಕಳಿಗೆ 2021ರಲ್ಲಿ 'ರೈತ ವಿದ್ಯಾನಿಧಿ' ಆರಂಭವಾದಾಗ ನರ್ಸಿಂಗ್, ಪ್ಯಾರಾಮೆಡಿಕಲ್, ಬಿ.ಫಾರ್ಮ್ ಓದುವ ಹುಡುಗರಿಗೆ ವರ್ಷಕ್ಕೆ 7,500 ರೂ., ಹುಡುಗಿಯರಿಗೆ 8,000 ರೂ. ಗೊತ್ತುಮಾಡಿದ್ದರು.

5. ಅಲ್ಪಸಂಖ್ಯಾತರ ನಿಗಮದ 'ಅರಿವು' ವಿದ್ಯಾರ್ಥಿವೇತನವಲ್ಲ, ಸಾಲ. ಓದು ಮುಗಿದ ಮೇಲೆ ಶೇ. 2 ಸೇವಾಶುಲ್ಕ ಸೇರಿಸಿ ತೀರಿಸಬೇಕು. ಫೈನಾನ್ಸಿನ ಸಾಲಕ್ಕಿಂತ ಎಷ್ಟೋ ಹಗುರ. ಆದರೂ ಸಾಲ ಎಂದು ತಿಳಿದೇ ಸಹಿ ಹಾಕಿ.

ಈ ಮೊತ್ತಗಳು, ನಿಯಮಗಳು ಬದಲಾಗುತ್ತಿರುತ್ತವೆ. ಪ್ರತಿ ವರ್ಷ ಆಯಾ ಇಲಾಖೆಯ ತಾಲೂಕು ಕಚೇರಿಯಲ್ಲಿ ಕೇಳಿಯೇ ಮುಂದುವರಿಯಿರಿ.

ಎಡವುವ ಜಾಗಗಳು

ಹೆಸರು: ಅಂಕಪಟ್ಟಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಮೂರರಲ್ಲೂ ಅಕ್ಷರ, ಇನಿಷಿಯಲ್ ಒಂದೇ ಇರಬೇಕು. ಮಗಳು ಎಸ್ಸೆಸ್ಸೆಲ್ಸಿಯಲ್ಲಿ ಇರುವಾಗಲೇ ನೋಡಿ.

ಪ್ರಮಾಣಪತ್ರ: ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಿಗುತ್ತದೆ. ಅದರ ಮೇಲಿನ ಆರ್‌ಡಿ ಸಂಖ್ಯೆಯೇ ಅರ್ಜಿಗೆ ಬೇಕು. ಅವಧಿ ಮುಗಿದಿದೆಯಾ ಎಂದೂ ನೋಡಿಕೊಳ್ಳಿ.

ಖಾತೆ: ಬ್ಯಾಂಕಿಗೆ ಆಧಾರ್ ಪ್ರತಿ ಕೊಟ್ಟರೆ ಸಾಲದು. "ಸರ್ಕಾರದ ಹಣ ಈ ಖಾತೆಗೇ ಬರುವಂತೆ ಸೀಡಿಂಗ್ ಆಗಿದೆಯಾ?" ಎಂದು ಕೇಳಿ. ಎರಡು ಮೂರು ಖಾತೆ ಇದ್ದರೆ ಕೊನೆಗೆ ಸೀಡಿಂಗ್ ಮಾಡಿಸಿದ ಖಾತೆಗೆ ಹಣ ಹೋಗುತ್ತದೆ.

ಬೆನ್ನು ಹತ್ತುವುದು: ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ ಆಗಲಿ, ರಾಷ್ಟ್ರೀಯ ಪೋರ್ಟಲ್ ಆಗಲಿ, ಅರ್ಜಿಯ ಸಂಖ್ಯೆ ಬರೆದಿಟ್ಟುಕೊಂಡು ತಿಂಗಳಿಗೊಮ್ಮೆ ನೋಡಿ. ಹಣ ಬಂತೋ ಇಲ್ಲವೋ ಎಂದು 'ಡಿಬಿಟಿ ಕರ್ನಾಟಕ' ಆ್ಯಪ್‌ನಲ್ಲಿ ತಿಳಿಯುತ್ತದೆ. ಮುಂದಿನ ವರ್ಷಕ್ಕೆ ಮತ್ತೆ ಅರ್ಜಿ ಹಾಕುವುದನ್ನು ಮರೆಯಬೇಡಿ.

ಹಣ ಬರುವ ತನಕ

ಎಲ್ಲಾ ಸರಿ ಮಾಡಿದರೂ ಹಣ ತಡವಾಗಿ ಬರುತ್ತದೆ. ಸೀಟು ಸಿಗುವುದು ಮಳೆಗಾಲದಲ್ಲಿ, ಕಾಫಿ ಕೊಯ್ಲಿನ ದುಡ್ಡು ಕೈಗೆ ಬರುವುದು ಡಿಸೆಂಬರ್ ಕಳೆದ ಮೇಲೆ. ಸಮವಸ್ತ್ರ, ಶೂ, ರೆಕಾರ್ಡ್ ಪುಸ್ತಕ, ಆಸ್ಪತ್ರೆ ಡ್ಯೂಟಿಗೆ ಓಡಾಟ, ಪರೀಕ್ಷಾ ಶುಲ್ಕ ಇವು ಯಾವುದೂ ಕಾಯುವುದಿಲ್ಲ. ಹೆಣ್ಣುಮಕ್ಕಳು ಓದು ಬಿಡುವುದು ಈ ನಡುವಿನ ತಿಂಗಳುಗಳಲ್ಲೇ.

ಇಲ್ಲಿ ಸಂಘದ ಕೆಲಸ ಇದೆ. ಸಂಘದ ಉಳಿತಾಯದಲ್ಲಿ ಒಂದು ಪಾಲನ್ನು 'ಶಿಕ್ಷಣ ನಿಧಿ' ಎಂದು ಠರಾವು ಮಾಡಿ ಬೇರೆ ಇಡಬಹುದು. ಸದಸ್ಯೆಯ ಮಗಳ ಶುಲ್ಕಕ್ಕೆ ಅದರಿಂದ ಕಡಿಮೆ ಬಡ್ಡಿಗೆ ಕೊಟ್ಟು, ವಿದ್ಯಾರ್ಥಿವೇತನ ಬಂದ ದಿನ ವಾಪಸು ಪಡೆಯಬಹುದು. ಹಣವೂ ಉಳಿಯುತ್ತದೆ, ಅರ್ಜಿಯ ಮೇಲೆ ಇಡೀ ಸಂಘದ ಕಣ್ಣೂ ಇರುತ್ತದೆ.

ಸಂತ ಲೂಕನ ಶುಭಸಂದೇಶದ 10ನೇ ಅಧ್ಯಾಯದಲ್ಲಿ ಬರುವ ಸಮಾರಿಯದವನು ಗಾಯಾಳುವಿಗೆ ಎಣ್ಣೆ ಹಚ್ಚಿ, ಛತ್ರದಲ್ಲಿ ಬಿಟ್ಟು ಸುಮ್ಮನೆ ಹೋಗಲಿಲ್ಲ. ಛತ್ರದವನ ಕೈಗೆ ಎರಡು ನಾಣ್ಯ ಕೊಟ್ಟು, ಹೆಚ್ಚು ಖರ್ಚಾದರೆ ತಿರುಗಿ ಬಂದಾಗ ಕೊಡುವೆನೆಂದು ಮಾತು ಕೊಟ್ಟ. ನಾವು ಎಣ್ಣೆ ಹಚ್ಚಿದೆವು, ತಿರುಗಿ ಬಂದು ನೋಡಲಿಲ್ಲ. ನಾಳೆ ನಮ್ಮ ಊರಿನ ಹೆರಿಗೆ ವಾರ್ಡಿನಲ್ಲಿ ರಾತ್ರಿ ಎಚ್ಚರ ಇರಬೇಕಾದ ಕೈಗಳು ಈ ಮಕ್ಕಳದೇ.

ಚರ್ಚೆಗೆ

1. ನಮ್ಮ ಸಂಘದಲ್ಲಿ ಈ ವರ್ಷ ಪಿಯುಸಿ ಓದುವ ಮಕ್ಕಳು ಎಷ್ಟು? ಅವರ ಮೂರು ದಾಖಲೆಗಳಲ್ಲಿ ಹೆಸರು ಒಂದೇ ಇದೆಯೇ?
2. ಫೀಸಿಗಾಗಿ ಫೈನಾನ್ಸ್ ಸಾಲ ಮಾಡಿದವರು ನಮ್ಮಲ್ಲಿ ಇದ್ದಾರೆಯೇ?
3. ಶಿಕ್ಷಣ ನಿಧಿಗೆ ತಿಂಗಳಿಗೆ ಎಷ್ಟು ತೆಗೆದಿಡಬಹುದು?

ಮುಂದಿನ ಸಭೆಗೆ: ಪ್ರತಿ ತಾಯಿಯೂ ಮಗಳ ಅಂಕಪಟ್ಟಿ, ಆಧಾರ್, ಪಾಸ್‌ಬುಕ್ ತರಲಿ. ಓದು ಬಾರದವರಿಗೆ ಪಕ್ಕದವರು ಓದಿ ಹೇಳಲಿ. ತಪ್ಪಿದ್ದರೆ ಪಟ್ಟಿ ಮಾಡಿ ನಮಗೆ ಕಳುಹಿಸಿ. ಈ ಸಲ ಕೊನೆಯವರೆಗೂ ನಾವು ಜೊತೆಗಿರುತ್ತೇವೆ.