ಕ್ಯಾಪಿಬರಾದ ದಾಯಾದಿಗಳು ನಮ್ಮ ಗದ್ದೆಯಲ್ಲಿ

ಮೊಬೈಲಿನ ವಿಡಿಯೊಗಳಲ್ಲಿ ಕ್ಯಾಪಿಬರಾವನ್ನು ನೋಡಿರುತ್ತೀರಿ. ದಕ್ಷಿಣ ಅಮೆರಿಕದ ನದಿ, ಜವುಗುಗಳ ಅಂಚಿನಲ್ಲಿ ಹಿಂಡುಹಿಂಡಾಗಿ ಹುಲ್ಲು ಮೇಯುವ ಸಾಧು ಪ್ರಾಣಿ ಅದು. ತೂಕ 50 ಕಿಲೊ ಆಸುಪಾಸು. ನೋಡಲು ಹಂದಿಯಂತಿದ್ದರೂ ಇಲಿ, ಹೆಗ್ಗಣ, ಅಳಿಲುಗಳಂತೆ ಅದೂ ದಂಶಕವೇ. ಜಗತ್ತಿನ ದಂಶಕಗಳಲ್ಲೆಲ್ಲ ದೊಡ್ಡದು. ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆ ಅದು ಸಿಗುವುದಿಲ್ಲ. ಆದರೆ ಅದು ರೋಗ ಹೊರುವ ರೀತಿಯನ್ನು ಅರಿತರೆ ನಮ್ಮ ಬದುವಿನ ಬಿಲಗಳಲ್ಲಿರುವ ಅದರ ದಾಯಾದಿಗಳನ್ನು ಅರಿಯುವುದು ಸುಲಭ.

ಬ್ರೆಜಿಲಿನಲ್ಲಿ ಕ್ಯಾಪಿಬರಾಗಳ ಮೈತುಂಬ ಉಣ್ಣಿಗಳಿರುತ್ತವೆ. ಉಣ್ಣಿಯಿಂದ ರಿಕೆಟ್ಸಿಯಾ ಎಂಬ ಬ್ಯಾಕ್ಟೀರಿಯಾ ಅದರ ರಕ್ತಕ್ಕೆ ಇಳಿದು ಕೆಲವು ದಿನ ವೃದ್ಧಿಯಾಗುತ್ತದೆ. ಪ್ರಾಣಿ ಮಾತ್ರ ಏನೂ ಆಗದಂತೆ ಮೇಯುತ್ತಿರುತ್ತದೆ. ಆ ದಿನಗಳಲ್ಲಿ ರಕ್ತ ಹೀರಿದ ಹೊಸ ಉಣ್ಣಿಗಳಿಗೂ ಸೋಂಕು ತಗಲುತ್ತದೆ. ಅವು ಮನುಷ್ಯನಿಗೆ ಕಚ್ಚಿದರೆ ಚುಕ್ಕೆ ಜ್ವರ ಬರುತ್ತದೆ. ಚಿಕಿತ್ಸೆ ತಡವಾದರೆ ಪ್ರಾಣಕ್ಕೇ ಅಪಾಯ. 2023ರಲ್ಲಿ ಕಂಪಿನಾಸ್ ನಗರದ ಹೊರವಲಯದ ಒಂದು ತೋಟದಲ್ಲಿ ನಡೆದ ಸಮಾರಂಭಗಳಿಗೆ ಹೋಗಿಬಂದ ಕೆಲವರು ಈ ಜ್ವರದಿಂದಲೇ ತೀರಿಕೊಂಡರು. ಕ್ಯಾಪಿಬರಾ ಯಾರನ್ನೂ ಕಚ್ಚಿರಲಿಲ್ಲ.

ಈ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ರೋಗಾಣು ತುಂಬಿಕೊಂಡ ಪ್ರಾಣಿ ಆರೋಗ್ಯವಾಗಿಯೇ ಓಡಾಡುತ್ತಿರಬಹುದು. ಅದರಿಂದ ನಮಗೆ ರೋಗ ದಾಟಿಸುವುದು ಬೇರೆಯೇ ಒಂದು: ಅಲ್ಲಿ ಉಣ್ಣಿ, ನಮ್ಮಲ್ಲಿ ನೀರು.

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿಯತೊಡಗಿದ ಮೇಲೆ ಸಿಂಧನೂರು ಸುತ್ತಿನ ಎರೆ ಹೊಲಗಳು ಭತ್ತದ ಗದ್ದೆಗಳಾದವು, ವಲಸೆ ಬಂದ ರೈತರ ಕ್ಯಾಂಪುಗಳು ಬೆಳೆದವು. ಭತ್ತವಿದ್ದಲ್ಲಿ ಹೆಗ್ಗಣವೂ ಉಂಟು. ಬದುವಿನಲ್ಲಿ ಬಿಲ ತೋಡಿ, ತೆನೆ ಕಡಿದು ಒಳಗೆ ಕೂಡಿಡುತ್ತದೆ ಎಂಬುದನ್ನು ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಅದರ ಮೂತ್ರಪಿಂಡದಲ್ಲಿ ಲೆಪ್ಟೋಸ್ಪೈರಾ ಎಂಬ ಸುರುಳಿಯಾಕಾರದ ಬ್ಯಾಕ್ಟೀರಿಯಾ ತಿಂಗಳುಗಟ್ಟಲೆ ಮನೆ ಮಾಡಿಕೊಂಡು, ಮೂತ್ರದೊಡನೆ ನೀರಿಗೆ ಇಳಿಯುತ್ತಿರಬಹುದು. ಇಲಿ ಜ್ವರ ತರುವುದು ಅದೇ. ದನ, ಹಂದಿ, ನಾಯಿಗಳಿಂದಲೂ ಹರಡಬಹುದು. ಕ್ಯಾಪಿಬರಾಗಳಲ್ಲೂ ಈ ಸೋಂಕು ಕಂಡುಬಂದಿದೆ.

"ಇಲಿ ಕಚ್ಚಿದ್ರೆ ಬರೋ ಜ್ವರ ಏನ್ರೀ ಸರ್ ಅದು?" ಎಂದು ಬಹಳ ಮಂದಿ ಕೇಳುತ್ತಾರೆ. ಸಾಮಾನ್ಯವಾಗಿ ಅಲ್ಲ. ಕಾಲಿನ ಬಿರುಕು, ಕುಡುಗೋಲಿನ ಗಾಯ, ನೀರಿನಲ್ಲಿ ನೆನೆದು ಮೆತ್ತಗಾದ ಚರ್ಮ, ಕಣ್ಣು, ಮೂಗು, ಬಾಯಿ, ಇವೇ ಅದರ ಬಾಗಿಲುಗಳು. ಒಣಗಿದರೆ ಈ ಬ್ಯಾಕ್ಟೀರಿಯಾ ಬೇಗ ಸಾಯುತ್ತದೆ. ಒದ್ದೆ ಮಣ್ಣಿನಲ್ಲಿ, ನಿಂತ ಸಿಹಿನೀರಿನಲ್ಲಿ ವಾರಗಟ್ಟಲೆ ಬದುಕಿರಬಲ್ಲದು. 1915ರ ಹೊತ್ತಿಗೆ ಇನಾಡ ಮತ್ತು ಇಡೊ ಎಂಬ ಜಪಾನಿ ವೈದ್ಯರು ಇದನ್ನು ಪತ್ತೆ ಹಚ್ಚಿದ್ದು ಕಲ್ಲಿದ್ದಲು ಗಣಿಗಳ ಕಾರ್ಮಿಕರಲ್ಲಿ. ಕೆಸರು ನೀರಿನಲ್ಲಿ ನಿಂತು ದುಡಿಯುವವರನ್ನೇ ಈ ರೋಗ ಎಲ್ಲ ಕಡೆ ಹುಡುಕಿಕೊಂಡು ಬರುತ್ತದೆ. ನಮ್ಮಲ್ಲಿ ಮೊದಲ ಸಾಲಿನಲ್ಲಿರುವವರು ನಾಟಿ ಮಾಡುವ ಹೆಣ್ಣುಮಕ್ಕಳು.

ಅವರಿಗೆ ಗಮ್‌ಬೂಟು ಹಾಕಿಕೊಳ್ಳಿ ಎನ್ನುವುದು ಕೆಸರಿಗೆ ಇಳಿಯದವರು ಕೊಡುವ ಸಲಹೆ. ಕಾಲುವೆ ಹೂಳೆತ್ತುವವರಿಗೆ, ಬದು ಕಟ್ಟುವವರಿಗೆ ಬೂಟು ಸರಿ. ನಾಟಿ ಮಡಿಯಲ್ಲಿ ಅದು ಹೂತುಹೋಗುತ್ತದೆ. ಅದರ ಬದಲು ಗಾಯವಿದ್ದರೆ ನೀರು ಹೋಗದ ಪಟ್ಟಿ ಅಂಟಿಸಿ ಇಳಿಯಲಿ. ಗದ್ದೆ ನೀರಲ್ಲಿ ಬಾಯಿ ಮುಕ್ಕಳಿಸುವುದು, ಮುಖ ತೊಳೆಯುವುದು ಬೇಡ. ಮೇಲೆ ಬಂದ ಕೂಡಲೇ ಶುದ್ಧ ನೀರು, ಸೋಪಿನಿಂದ ಕೈಕಾಲು ತೊಳೆದು ಒರೆಸಿಕೊಳ್ಳಲಿ. ಸತ್ತ ಇಲಿಯನ್ನು ಬರಿಗೈಯಲ್ಲಿ ಎತ್ತದೆ ಸಲಿಕೆಯಿಂದ ಎತ್ತಿ ಆಳವಾಗಿ ಹೂಳಬೇಕು.

ಸೋಂಕು ತಗಲಿದ ಮೇಲೆ ಸಾಮಾನ್ಯವಾಗಿ 5ರಿಂದ 14 ದಿನಗಳಲ್ಲಿ ಜ್ವರ ಕಾಣಿಸುತ್ತದೆ. ಚಳಿಜ್ವರ, ತಲೆನೋವು, ಮುಟ್ಟಿದರೆ ಚೀರುವಷ್ಟು ಮೀನಖಂಡದ ನೋವು, ಪಿಸುರಿಲ್ಲದೆ ಕೆಂಪಾದ ಕಣ್ಣು. ಬಹಳಷ್ಟು ಜನರಿಗೆ ಇಷ್ಟರಲ್ಲೇ ಗುಣವಾಗುತ್ತದೆ. ಕೆಲವರಿಗೆ ಕಾಮಾಲೆಯಾಗಿ, ಮೂತ್ರ ಕಟ್ಟಿ, ಡಯಾಲಿಸಿಸ್‌ವರೆಗೂ ಹೋಗುತ್ತದೆ. ಅಂಗಡಿಯ ನೋವಿನ ಗುಳಿಗೆ ನುಂಗಿ ದಿನ ತಳ್ಳುವುದು ಇದಕ್ಕೇ ಅಪಾಯ. ಅಂಥ ಕೆಲವು ಗುಳಿಗೆಗಳು ಮೂತ್ರಪಿಂಡಕ್ಕೆ ಇನ್ನಷ್ಟು ಹಾನಿ ಮಾಡುತ್ತವೆ.

ಹುಲ್ಲು, ಪೊದೆಗಳಲ್ಲಿ ಕುಳಿತೇಳುವ ಕುರಿಗಾಹಿಗಳು ಇನ್ನೊಂದು ಹೆಸರನ್ನೂ ತಿಳಿದಿರಬೇಕು: ಸ್ಕ್ರಬ್ ಟೈಫಸ್. ಇಲಿಗಳ ಮೈಮೇಲೂ ಇರುವ, ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಮರಿ ಕಚ್ಚಿ ಬರುವ ಜ್ವರ ಇದು. ಕಂಕುಳು, ತೊಡೆಸಂದು, ಸೊಂಟದ ಬಳಿ ಬೀಡಿಯಿಂದ ಸುಟ್ಟಂಥ ಕಪ್ಪು ಹೆಕ್ಕಳೆ ಇದ್ದರೆ, ಸಂಕೋಚ ಬಿಟ್ಟು ವೈದ್ಯರಿಗೆ ತೋರಿಸಿ.

ಬ್ರೆಜಿಲಿನ ಚುಕ್ಕೆ ಜ್ವರ, ನಮ್ಮ ಇಲಿ ಜ್ವರ, ಸ್ಕ್ರಬ್ ಟೈಫಸ್, ಮೂರಕ್ಕೂ ಕೇಳುವ ಔಷಧಿ ಒಂದಿದೆ: ಡಾಕ್ಸಿಸೈಕ್ಲಿನ್. ದುಬಾರಿಯೇನಲ್ಲ. 2018ರ ಪ್ರವಾಹದ ನಂತರ ಕೇರಳದಲ್ಲಿ ಇಲಿ ಜ್ವರ ಎದ್ದಾಗ, ನೀರಿಗಿಳಿದವರಿಗೆ ಮುಂಜಾಗ್ರತೆಗಾಗಿಯೂ ಇದನ್ನೇ ಹಂಚಿದರು. ಯಾರಿಗೆ, ಎಷ್ಟು ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ಬಸುರಿಯರಿಗೆ ಬೇರೆ ಔಷಧಿ ಬೇಕಾದೀತು.

ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದಾಗ "ಜ್ವರ ಬಂದದ" ಎಂದಷ್ಟೇ ಹೇಳಿ ಸುಮ್ಮನಾಗಬೇಡಿ. "ಹತ್ತು ದಿನದ ಹಿಂದೆ ನಾಟಿ ಮಾಡೀನ್ರಿ, ಕಾಲಾಗ ಗಾಯ ಇತ್ತು" ಎನ್ನಿ. ಮೊದಲ ಕೆಲವು ದಿನ ಪ್ರತಿಕಾಯ ಹುಡುಕುವ ರಕ್ತಪರೀಕ್ಷೆಯಲ್ಲಿ ಇಲಿ ಜ್ವರ ಸಿಗದೆ ಹೋಗಬಹುದು. ಅಂಥ ದಿನಗಳಲ್ಲಿ ವೈದ್ಯರು ಅನುಮಾನದ ಮೇಲೆಯೇ ಚಿಕಿತ್ಸೆ ಆರಂಭಿಸುತ್ತಾರೆ, ಆ ಅನುಮಾನ ಹುಟ್ಟುವುದು ನಿಮ್ಮ ಈ ಮಾತಿನಿಂದ.