ಕೃತಕ ಪಾತ್ರಗಳು ಮತ್ತು ಸಂಸ್ಕೃತಿ: ತೊಗಲುಗೊಂಬೆಯಿಂದ ಎಐ ನಿರೂಪಕಿಯವರೆಗೆ

ಗಣಕಯಂತ್ರ ರೂಪಿಸುವ, ಮನುಷ್ಯರಂತೆ ಮಾತನಾಡುವ ಪಾತ್ರವೇ ವರ್ಚುವಲ್ ಪಾತ್ರ. ಅದರ ಉಡುಪು, ಹಾವಭಾವ, ಮಾತಿನ ಧಾಟಿಗಳನ್ನು ನಿರ್ಧರಿಸುವುದು ನೋಡುಗರ ಸಂಸ್ಕೃತಿ. ಚೀನಾದ ಕ್ಸಿನ್‌ಹುವಾ ಸುದ್ದಿಸಂಸ್ಥೆ 2018ರಲ್ಲಿ ತಂದ ಎಐ ನಿರೂಪಕ ಸೂಟು, ಟೈ ಧರಿಸಿದ್ದ. 2023ರ ಜುಲೈನಲ್ಲಿ ಒಡಿಶಾದ ಓಟಿವಿ ವಾಹಿನಿ ಪರಿಚಯಿಸಿದ ಎಐ ನಿರೂಪಕಿ ಲೀಸಾ ಕೈಮಗ್ಗದ ಸೀರೆ ಉಟ್ಟಿದ್ದಳು. ಅದೇ ತಿಂಗಳು ಪವರ್ ಟಿವಿಯ ‘ಸೌಂದರ್ಯ’ ಕನ್ನಡದಲ್ಲಿ ಸುದ್ದಿ ಓದಿದಳು. ರೈತರ ವಾಹಿನಿ ಡಿಡಿ ಕಿಸಾನ್‌ನ ಎಐ ಕ್ರಿಶ್, ಎಐ ಭೂಮಿ ಬಂದದ್ದು 2024ರ ಮೇನಲ್ಲಿ.

ನೋಡುಗರ ಸಂಸ್ಕೃತಿಗೆ ತಕ್ಕಂತೆ ಕೃತಕ ಪಾತ್ರ ರೂಪಿಸುವ ಜಾಣ್ಮೆ ಕನ್ನಡ ನೆಲಕ್ಕೆ ಹೊಸದಲ್ಲ. ಬಳ್ಳಾರಿ, ಕೊಪ್ಪಳ ಸೀಮೆ ತೊಗಲುಗೊಂಬೆಯಾಟದ ತವರು. ಹದಮಾಡಿದ ಅರೆಪಾರದರ್ಶಕ ಚರ್ಮಕ್ಕೆ ಬಣ್ಣ ಹಚ್ಚಿ, ಹಿಂದಿನಿಂದ ದೀಪ ಬೆಳಗಿ, ಪರದೆಯ ಮೇಲೆ ಗೊಂಬೆಗೆ ಜೀವ ತುಂಬುತ್ತಾರೆ. ರಾಜರು, ದೇವತೆಗಳ ಗೊಂಬೆ ದೊಡ್ಡದು, ಸೇವಕರದು ಚಿಕ್ಕದು. ಗಾತ್ರವೇ ಅಂತಸ್ತನ್ನು ಹೇಳುತ್ತದೆ. ಕಿಳ್ಳೇಕ್ಯಾತ, ಬಂಗಾರಕ್ಕ ಹಾಸ್ಯಪಾತ್ರಗಳು. ಈ ಕಲೆಯ ಕಲಾವಿದೆ, ಕೊಪ್ಪಳದ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರಿಗೆ 2025ರಲ್ಲಿ ಪದ್ಮಶ್ರೀ ಘೋಷಣೆಯಾಯಿತು.

ಇಂದಿನ ಕನ್ನಡ ವರ್ಚುವಲ್ ಪಾತ್ರಕ್ಕೆ ಮಾತಿನಲ್ಲಿ ‘ನೀನು’, ‘ನೀವು’ ಆಯ್ಕೆ ಅತಿ ಸೂಕ್ಷ್ಮ: ಹಿರಿಯ ರೈತರನ್ನು ಏಕವಚನದಲ್ಲಿ ಮಾತನಾಡಿಸಿದರೆ ನಂಬಿಕೆಯೇ ಹೋಗುತ್ತದೆ. ಮಾತಿನಂತೆ ರೂಪವೂ ಸೂಕ್ಷ್ಮವೇ: ಅದು ತೀರಾ ಮನುಷ್ಯರಂತಿದ್ದೂ ಎಲ್ಲೋ ತಪ್ಪಿದರೆ ಕಸಿವಿಸಿಯಾಗುತ್ತದೆ ಎಂಬ ‘ಅನ್‌ಕ್ಯಾನಿ ವ್ಯಾಲಿ’ ವಾದವನ್ನು ಜಪಾನಿನ ಮಸಾಹಿರೊ ಮೋರಿ 1970ರಲ್ಲಿ ಮಂಡಿಸಿದರು.