ಅಣು ಇಂಧನಕ್ಕೂ ಸ್ಟಾಕ್ ರಿಜಿಸ್ಟರ್

ರಂಜಾನ್ ಮುಗಿದ ಮೇಲೆ ಪುಟ್ಟೇನಹಳ್ಳಿಯ ನಮ್ಮ ಅಂಗಡಿಯಲ್ಲಿ ಸ್ಟಾಕ್ ಎಣಿಸಿದಾಗ ಎರಡು ಮೂಟೆ ಅಕ್ಕಿ ಕಡಿಮೆ ಬಂತು. ಅಬ್ಬಾ ಕೆಲಸದ ಹುಡುಗನ ಮೇಲೆ ಅನುಮಾನಪಟ್ಟರು. ಆಮೇಲೆ ನೆನಪಾಯಿತು, ಹಿಂಬಾಗಿಲಿನಿಂದ ಉದ್ರಿ ಕೊಟ್ಟಿದ್ದನ್ನು ನಾನೇ ಬರೆದಿರಲಿಲ್ಲ.

ನಾವು ಕಾಮರ್ಸ್‌ನಲ್ಲಿ ಕಲಿಯುವ ಈ ಲೆಕ್ಕ ಅಣು ಇಂಧನಕ್ಕೂ ಇದೆ. ಆರಂಭದ ದಾಸ್ತಾನಿಗೆ ಬಂದದ್ದನ್ನು ಕೂಡಿಸಿ, ಹೋದದ್ದನ್ನು ಕಳೆದರೆ, ಉಳಿದದ್ದು ಎಣಿಕೆಗೆ ಹೊಂದಬೇಕು. ವಿಯೆನ್ನಾದ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಇದನ್ನು ತಪಾಸಣೆ ಮಾಡುತ್ತದೆ. 8 ಕಿಲೋ ಪ್ಲುಟೋನಿಯಂ ಲೆಕ್ಕಕ್ಕೆ ಸಿಗದಿದ್ದರೆ ಅದು ಬಾಂಬ್ ಆಗಿರಬಹುದು ಎಂಬುದು ಅದರ ಅಳತೆ. ಭಾರತ 2009ರಲ್ಲಿ ಈ ಸಂಸ್ಥೆಯೊಂದಿಗೆ ಒಪ್ಪಂದಕ್ಕೆ ಸಹಿ ಹಾಕಿತು. ಆದರೆ ನಮ್ಮ ಕೈಗಾದ 1ರಿಂದ 4ನೇ ಘಟಕಗಳು ಅದರ ಪಟ್ಟಿಯಲ್ಲಿಲ್ಲ. ಅಲ್ಲಿಯ ಲೆಕ್ಕ ನಮ್ಮ ದೇಶದವರದೇ.

ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಇದನ್ನು ನಿಯಮ ಓದಿಸುವುದಕ್ಕಿಂತ ಸ್ಥಾವರದ ನಕ್ಷೆ ಬರೆಸಿ ಕಲಿಸುವುದು ಒಳ್ಳೆಯದು. ಕೈಗಾದಂಥ ಭಾರಜಲ ರಿಯಾಕ್ಟರ್‌ನಲ್ಲಿ ಅದು ನಡೆಯುತ್ತಿರುವಾಗಲೇ ಇಂಧನ ಬದಲಾಯಿಸುತ್ತಾರೆ. ಹಾಗಾದರೆ ಎಣಿಸುವುದು ಎಲ್ಲಿ? ಸೀಲ್, ಕ್ಯಾಮೆರಾ ಎಲ್ಲಿರಬೇಕು? ಹೊರಗೆ ಹೋಗಲು ಎಷ್ಟು ದಾರಿ? ಇದನ್ನು ನಕ್ಷೆಯಲ್ಲೇ ಯೋಚಿಸಬೇಕು, ಕಟ್ಟಿದ ಮೇಲೆ ಗೋಡೆ ಒಡೆಯುವುದು ಕಷ್ಟ.

ಈಗ ನಮ್ಮ ಹಿಂಬಾಗಿಲಲ್ಲೂ ಒಂದು ಪುಸ್ತಕ ತೂಗುಹಾಕಿದ್ದೇವೆ. ಆ ಹುಡುಗನ ಹತ್ತಿರ ನಾನು ಮಾಫಿ ಕೇಳಿದೆ. ಲೆಕ್ಕ ಸರಿಯಿದ್ದರೆ ಯಾರನ್ನೂ ಸುಮ್ಮನೆ ಅನುಮಾನಿಸಬೇಕಾಗಿಲ್ಲ.